ಆಚೆ ದಡ ಕಾಣದ ಕೆರೆ

ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗೆ ಅರಳಿದವೆಂದರೆ ತೋಟದೊಳಗೆ ಯಾರೂ ಕಾಲಿಡುವಂತಿರಲಿಲ್ಲ. ಮೈ ತಾಗಿ ಹೂವು ಉದುರಿದರೆ ಅಷ್ಟು ಫಸಲು ಹೋದಂತೆ. ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪಯ್ಯನಿಗೆ ವರ್ಷದಲ್ಲಿ ಬಿಡುವು ಸಿಗುತ್ತಿದ್ದದ್ದು ಆ ಎರಡು ಮೂರು ದಿನ ಮಾತ್ರ. ಪ್ರತಿ ಹೂವಿಗೂ ಅಪ್ಪಯ್ಯ ಅಜ್ಜಿಗೆ ದೊಡ್ಡ ನೀರು ತೋರಿಸುತ್ತೇನೆ ಎನ್ನುವುದು, ಯಾರದೋ ಮದುವೆಯೋ ತಿಥಿಯೋ ಅಡ್ಡ ಬರುವುದು, ಹೂವು ಉದುರಿ ಹೋಗುವುದು. ಹೀಗೇ ನಡೆದಿತ್ತು.

ಅಜ್ಜಿಗೆ ಈ ಆಸೆ ಹತ್ತಿಸಿದವರು ಕೊಟ್ಟಿಗೆಹಾರದ ಬ್ಯಾರಿ ಅಂಗಡಿಯವರ ತಾಯಿ. ಘಟ್ಟದ ಕೆಳಗಿನಿಂದ ಬಂದವರು, ಅಜ್ಜಿಯ ಎಲೆ ಅಡಿಕೆ ಗೆಳತಿ. ಸಮುದ್ರಕ್ಕೆ ಆಚೆ ದಡ ಅಂತಲೇ ಇಲ್ಲ ಎಂದು ಅವರು ಹೇಳಿದಾಗಲೆಲ್ಲ ಅಜ್ಜಿ ಎಲೆ ಮಡಿಸುವುದನ್ನೇ ಮರೆಯುತ್ತಿದ್ದಳು. ಅವಳು ಕಂಡದ್ದೆಲ್ಲ ಸೀರೆ ಎತ್ತಿ ದಾಟುವ ಹಳ್ಳಗಳನ್ನೇ. ಆಚೆ ದಡ ಕಾಣದ ನೀರನ್ನು ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ. ಆದರೆ ಕಣ್ಣಿಗೆ ಪೊರೆ ಬಂದು ವರ್ಷ ವರ್ಷಕ್ಕೂ ದಪ್ಪವಾಗುತ್ತಿತ್ತು. ಇನ್ನೊಂದು ಹೂವಿನ ಹೊತ್ತಿಗೆ ಏನೂ ಕಾಣಲಿಕ್ಕಿಲ್ಲ ಎಂದು ನಾಟಿವೈದ್ಯರು ಹೇಳಿದ ಮೇಲೆ ಅಪ್ಪಯ್ಯ ಎತ್ತಿನ ಗಾಡಿ ಕಟ್ಟಿಸಿದ. ಸಮುದ್ರಕ್ಕಾಗುವಷ್ಟು ದಿನ ಇರಲಿಲ್ಲ. ಬಯಲು ಸೀಮೆಯ ಕಡೆ, ಬೆಟ್ಟದ ಬುಡದಲ್ಲಿದ್ದ ದೊಡ್ಡ ಕೆರೆಗೆ ಹೊರಟೆವು.

ಆಗ ನನಗೆ ಒಂಬತ್ತು ವರ್ಷ. ನನ್ನ ಬಾಯಿಗೆ ಬೀಗವಿಲ್ಲ ಎಂದು ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಕಾಫಿ ಕುಡಿಯುತ್ತಿದ್ದ ಬೀಗರ ಮುಂದೆ ಅದು ಕಣದಲ್ಲಿ ಗುಡಿಸಿದ ಬೀಜದ ಕಾಫಿ ಎಂದು ಹೇಳಿ ಅಮ್ಮನ ಕೈಯಲ್ಲಿ ಏಟು ತಿಂದವಳು ನಾನು. ಸುಳ್ಳು ಮಾತ್ರ ನನ್ನ ನಾಲಗೆಗೆ ಬರುತ್ತಿರಲಿಲ್ಲ.

ಗಾಡಿ ಒಂದು ಗುಡ್ಡದ ಬುಡಕ್ಕೆ ನಿಂತಿತು. ಮುಂದೆ ಕಾಲುದಾರಿ. ಬುತ್ತಿಯ ಗಂಟು ಹೊತ್ತು ಅಪ್ಪಯ್ಯ ಅಮ್ಮ ಮುಂದೆ ಹೋದರು, ಅಜ್ಜಿಯ ಕೈ ಹಿಡಿದು ನಾನು ಹಿಂದೆ. ನಮ್ಮ ಕಡೆ ಕಾಡಿನಲ್ಲಿ ದಾರಿ ಕವಲೊಡೆದರೆ ಮುಂದೆ ಹೋದವರು ಹೋಗಬಾರದ ದಾರಿಗೆ ಅಡ್ಡಲಾಗಿ ಹಸಿ ಸೊಪ್ಪಿನ ಗೆಲ್ಲು ಮುರಿದು ಇಡುತ್ತಾರೆ. ಮೊದಲ ಕವಲಿನಲ್ಲಿ ಗೆಲ್ಲು ಇತ್ತು. ಎರಡನೆಯದರಲ್ಲಿ ಗೆಲ್ಲಿಲ್ಲ, ಒಂದು ಹಿಂಡು ಆಡುಗಳಿದ್ದವು. ಒಂದು ಆಡು ನನ್ನನ್ನೇ ನೋಡುತ್ತಾ ಏನನ್ನೋ ಜಗಿಯುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ಅಪ್ಪಯ್ಯನಿಗೂ ಗೊತ್ತಿದ್ದ ಗಾದೆಯೇ, ಆದರೆ ಕಾಫಿ ತೋಟದವರಿಗೆ ಆಡಿನ ನೆನಪೆಲ್ಲಿ ಬರಬೇಕು? ಅಗಲವಾಗಿ ಕಂಡ ದಾರಿಯನ್ನೇ ನಾನು ಹಿಡಿದೆ.

ಆ ದಾರಿ ಮರಳಿನಲ್ಲಿ ಮುಗಿದುಹೋಯಿತು. ಮಳೆಗಾಲದಲ್ಲಿ ಹಳ್ಳ ತಂದು ಸುರಿದ ಮರಳು ಬೇಸಗೆಯ ಗಾಳಿಗೆ ದಿಬ್ಬ ದಿಬ್ಬವಾಗಿ ನಿಂತಿತ್ತು. ನೆಲ ಕಾಲಡಿಯಲ್ಲಿ ಜಾರುವುದನ್ನು ಅಜ್ಜಿ ಹುಟ್ಟಿದಾಗಿನಿಂದ ಕಂಡವಳಲ್ಲ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ. ಬೆನ್ನಿಗೆ ಕೈಕೊಟ್ಟು ದೂಡುತ್ತಿದ್ದ ನನಗೆ ಅಳು, ಅವಳಿಗೆ ನಗು. ಕೊನೆಗೆ ದಿಬ್ಬದ ನೆತ್ತಿಯಲ್ಲಿ ಇಬ್ಬರೂ ಕುಸಿದು ಕೂತೆವು. ಕೆಳಗೆ ಕೆರೆ ಇತ್ತು.

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದಳು.

"ಆಚೆ ದಡನೇ ಕಾಣ್ತಿಲ್ಲ ಮಾರಾಯ್ತಿ," ಎಂದಳು. "ನಿಂಗೆ ಕಾಣ್ತದಾ?"

ನನಗೆ ಕಾಣುತ್ತಿತ್ತು. ಆಚೆ ದಡದಲ್ಲಿ ಹುಣಸೆ ಮರಗಳಿದ್ದವು. ಯಾರೋ ಎಮ್ಮೆ ತೊಳೆಯುತ್ತಿದ್ದ. ಕಲ್ಲಿನ ಮೇಲೆ ಒಣಹಾಕಿದ ಕೆಂಪು ಸೀರೆ ಕೂಡ ಸ್ಪಷ್ಟವಾಗಿತ್ತು. ಅಜ್ಜಿಯ ಮುಖ ನೋಡಿದೆ.

"ಇಲ್ಲ ಅಜ್ಜಿ. ಬರೀ ನೀರು."

ಅಷ್ಟರಲ್ಲಿ ಅಪ್ಪಯ್ಯ ನಮ್ಮನ್ನು ಹುಡುಕಿಕೊಂಡು ಓಡಿ ಬಂದ. ಬಂದವನೇ ನನ್ನ ಕಿವಿ ಹಿಡಿದ. ಅಜ್ಜಿ ಅವನಿಗೂ ಅದನ್ನೇ ಹೇಳಿದಳು. ಅವನು ಕೆರೆಯತ್ತ ನೋಡಿ ಬಾಯಿ ತೆರೆಯುವಾಗ ನಾನು ಪಂಚೆಯ ಅಂಚು ಹಿಡಿದು ಜಗ್ಗಿದೆ. ಅವನು ನನ್ನನ್ನು ನೋಡಿದ, ಕಿವಿ ಬಿಟ್ಟ. ಆಮೇಲೆ ನೀರಿನ ಅಂಚಿನಲ್ಲಿ ಕೂತು ರೊಟ್ಟಿ ತಿಂದೆವು. ರೊಟ್ಟಿಯಲ್ಲೂ ಮರಳೇ. ಅಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡದ್ದಿಲ್ಲ.

ಆ ಮಳೆಗಾಲದಲ್ಲಿ ಅಜ್ಜಿಯ ಕಣ್ಣು ಪೂರಾ ಹೋಯಿತು. ಮಳೆ ಬಿಟ್ಟ ಮೇಲೆ ಬ್ಯಾರಿ ಅಂಗಡಿಯವರ ತಾಯಿ ನೋಡಲು ಬಂದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೆರೆಯ ಕಥೆಯನ್ನೆಲ್ಲ ಹೇಳಿ, "ಬೇಕಾದ್ರೆ ಇವಳನ್ನೇ ಕೇಳಿ. ಇವಳು ಸುಳ್ಳು ಹೇಳೋಳಲ್ಲ," ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು.

ಅವರ ಮಗ ವಾರ ವಾರವೂ ಸಂತೆಗೆ ಗಾಡಿ ಹೊಡೆಯುತ್ತಿದ್ದದ್ದು ಅದೇ ಕೆರೆಯ ಏರಿಯ ಮೇಲೆ. ಅವರೂ ಎಷ್ಟೋ ಸಲ ಆ ಗಾಡಿಯಲ್ಲಿ ಹೋಗಿದ್ದವರು. ಆದರೂ ನಾನು ಹೌದೆಂದು ತಲೆಯಾಡಿಸಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಜ್ಜಿಯ ಕೈಯಿಂದ ಎಲೆ ತೆಗೆದುಕೊಂಡರು.

"ಹಾಗಾದ್ರೆ ನೀವು ನೋಡಿದ್ದೂ ಸಮುದ್ರವೇ ಅಮ್ಮ," ಎಂದರು.