ಮುಷ್ಟಿಯಲ್ಲಿ ಏನಿತ್ತು

ನಮ್ಮತ್ತೆಯ ಕಣ್ಣಿನ ಪೊರೆ ತೆಗೆದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: ಧೂಳು, ನೀರು ತಾಗಿಸಬೇಡಿ, ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕಿ. ಅತ್ತೆ ಇದಕ್ಕೆ ತಮ್ಮದೂ ಒಂದಿಷ್ಟು ಸೇರಿಸಿಕೊಂಡರು. ಟಿವಿಯ ಬೆಳಕು ಕಣ್ಣಿಗೆ ಬೀಳಕೂಡದು ಎಂದು ತಾವೇ ತೀರ್ಮಾನಿಸಿ, ಕಪ್ಪು ಕನ್ನಡಕ ಏರಿಸಿ, ಟಿವಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖವಿಟ್ಟು ಕುಳಿತರು. ಸೀರಿಯಲ್ ಮಾತ್ರ ಬಿಡಲು ತಯಾರಿರಲಿಲ್ಲ.

"ನೀ ನೋಡಿ ಹೇಳು. ನಾ ಕೇಳ್ತೀನಿ," ಅಂದರು.

ಅತ್ತೆ ವಿಜಯಪುರದವರು. ಮುಂಬೈಯ ಸಯನ್‌ಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಹಿಂದಿ ತರಕಾರಿ ಗಾಡಿ ದಾಟಿ ಮುಂದೆ ಹೋಗಿಲ್ಲ. ಮರಾಠಿಯಾದರೆ ನಮ್ಮ ಕಡೆಯವರಿಗೆ ಅರ್ಧಮರ್ಧ ತಿಳಿಯುತ್ತದೆ. ಸೀರಿಯಲ್ ಇದ್ದದ್ದು ಹಿಂದಿಯಲ್ಲಿ. ಅತ್ತೆಯ ಸಲುವಾಗಿ ನಾನು ಆಫೀಸಿಗೆ ಮೂರು ವಾರ ರಜೆ ಹಾಕಿದ್ದೆ. ಹೀಗಾಗಿ ದಿನಾ ಮಧ್ಯಾಹ್ನ ಎರಡಕ್ಕೆ, ಹೊರಗೆ ಬಿಸಿಲು ಸುಡುತ್ತಿರುವಾಗ, ಕಿಟಕಿಗೆ ಪರದೆ ಎಳೆದು, ಒಬ್ಬ ಮುದುಕಿಯ ಬೆನ್ನಿಗೆ ಕೊಲೆಯ ಕಥೆ ಹೇಳುವುದು ನನ್ನ ಕೆಲಸವಾಯಿತು.

ಕಥೆ ದೊಡ್ಡದೇನಲ್ಲ. ಒಂದು ಬಂಗಲೆ, ಅದರ ತುಂಬ ಜನ. ಮನೆಯ ಹಿರಿಯ ಮಗ ಊಟದ ಮೇಜಿನ ಮುಂದೆ ಎದೆ ಹಿಡಿದುಕೊಂಡು ಸಾಯುತ್ತಾನೆ. ಅದು ತಾನಾಗಿ ಬಂದ ಸಾವಲ್ಲ, ಯಾರೋ ಕೊಂದಿದ್ದಾರೆ. ಯಾರು ಎಂಬುದನ್ನು ಇಡೀ ಸೀಸನ್ ಎಳೆದರು. ಸತ್ತವನ ಹೆಂಡತಿಯನ್ನು ಆ ಮನೆಯಲ್ಲಿ ಎಲ್ಲರೂ 'ಭಾಭಿ' ಎನ್ನುತ್ತಿದ್ದರು. ನಮ್ಮ ಕಡೆ ಅಣ್ಣನ ಹೆಂಡತಿ ಅಂದರೆ ವೈನಿ. ನಾನು ಮೊದಲ ದಿನದಿಂದಲೂ ವೈನಿ ಹಿಂಗಂದಳು, ವೈನಿ ಹಂಗಂದಳು ಎಂದೇ ಹೇಳುತ್ತ ಬಂದೆ. ಎಡವಟ್ಟು ಶುರುವಾದದ್ದೇ ಇಲ್ಲಿಂದ.

ಯಾಕೆಂದರೆ ನಮಗೆ ಇನ್ನೊಬ್ಬ ವೈನಿ ಇದ್ದರು. ಎದುರು ಬಾಗಿಲಿನ ಮರಾಠಿ ಹೆಂಗಸು. ಮರಾಠಿಯಲ್ಲೂ ಅದೇ ಪದ. ನಮ್ಮ ಫ್ಲೋರಿನವರೆಲ್ಲ ಅವರನ್ನು ಹಾಗೇ ಕರೆಯುವುದು. ಅವರ ಯಜಮಾನರು ವಡಾಲದ ಕಡೆ ನೌಕರಿ ಮಾಡಿ ರಿಟೈರ್ ಆದವರು, ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಊಟದ ತಾಟು ನೆಲಕ್ಕೆ ಬಡಿದ ಸದ್ದು ಎಷ್ಟೋ ಸಲ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಎದೆಯ ತೊಂದರೆ ಇದ್ದದ್ದರಿಂದ ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಗುಳಿಗೆ ಡಬ್ಬಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೋಗಿಬಿಟ್ಟರು. ನಾನಾಗ ಆಫೀಸಿನಲ್ಲಿದ್ದೆ. ವೈನಿ ನಮ್ಮ ಬಾಗಿಲಿಗೆ ಬಂದು, "ಇವರು ಏಳುತ್ತಿಲ್ಲ" ಎಂದು ಅತ್ತೆಗೆ ಮೆಲ್ಲಗೆ ಹೇಳಿದರಂತೆ. ಅಷ್ಟೇ.

ಈ ವೈನಿಯೂ ದಿನಾ ಎರಡಕ್ಕೆ ನಮ್ಮಲ್ಲಿಗೆ ಬಂದು ನನ್ನ ಪಕ್ಕ ಸೋಫಾದಲ್ಲಿ ಕೂರುತ್ತಿದ್ದರು. ರಜೆ ಮುಗಿದು ನಾನು ಕೆಲಸಕ್ಕೆ ಹೊರಟ ಮೇಲೆ ಮಧ್ಯಾಹ್ನ ಅತ್ತೆಗೆ ಡ್ರಾಪ್ಸ್ ಹಾಕಿ ಬಿ.ಪಿ. ಗುಳಿಗೆ ಕೊಡಲು ಒಪ್ಪಿಕೊಂಡವರೂ ಅವರೇ. ಬೇರೆ ಯಾರಿದ್ದರು ನನಗೆ? ಗಂಡ ಬೆಳಿಗ್ಗೆ ಏಳಕ್ಕೇ ಮನೆ ಬಿಡುತ್ತಾರೆ.

ಎರಡನೆಯ ವಾರ ಆ ಸಾವನ್ನು ಮತ್ತೆ ತೋರಿಸಿದರು. ಗಂಡ ಉಸಿರಿಗಾಗಿ ಒದ್ದಾಡುತ್ತ ಕೈ ಚಾಚುತ್ತಾನೆ. ಹೆಂಡತಿ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾಳೆ. ಅವಳ ಬಲಮುಷ್ಟಿ ಬಿಗಿಯಾಗಿ ಮುಚ್ಚಿದೆ. ಎಷ್ಟು ಹೊತ್ತು ತೋರಿಸಿದರೆಂದರೆ ಮುಷ್ಟಿಯೇ ಉಸಿರಾಡುತ್ತಿದೆ ಅನ್ನಿಸಿತು.

"ವೈನಿ ಏನ್ ಮಾಡಲಿಕ್ಹತ್ಯಾಳ?" ಅತ್ತೆ ಗೋಡೆಗೆ ಕೇಳಿದರು.

"ನಿಂತಾಳ್ರಿ ಅತ್ಯಾರ. ಮುಷ್ಟಿ ಮುಚ್ಚ್ಯಾಳ."

"ಮುಷ್ಟ್ಯಾಗ ಏನದ?"

ಏನಿದೆ ಎಂದು ತೋರಿಸಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಹತ್ತು ದಿನ ಇನ್ನೊಬ್ಬರಿಗೆ ಕಣ್ಣಾದ ಮೇಲೆ ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗುತ್ತದೆ. "ಗುಳಿಗಿ ಅದರಿ. ಗಂಡಗ ಕೊಡೂದು. ಕೊಡವಲ್ಲಳು," ಅಂದೆ.

ವೈನಿ ಬಟಾಣಿ ಸುಲಿಯುತ್ತಿದ್ದರು. ಅವರ ಕೈ ನಿಂತಿತು. ಹದಿನೆಂಟು ವರ್ಷ ಎದುರುಬದುರು ಇದ್ದು ಕನ್ನಡದ ನಾಲ್ಕು ಮಾತು ಅವರಿಗೂ ಬರುತ್ತಿದ್ದವು. ಕಥೆಯಲ್ಲಿ ಮುಳುಗಿದ್ದಾರೆ ಎಂದುಕೊಂಡು ನಾನು ಲಕ್ಷ್ಯ ಕೊಡಲಿಲ್ಲ.

ಮೂರನೆಯ ವಾರದ ಶುಕ್ರವಾರ ಕೊನೆಯ ಕಂತು. ಮತ್ತೆ ಅದೇ ಬಾಗಿಲು, ಅದೇ ಮುಷ್ಟಿ. ಬೆರಳು ಒಂದೊಂದಾಗಿ ಸಡಿಲವಾದವು. ಕಿರುಬೆರಳು, ಉಂಗುರದ ಬೆರಳು... ತೆರೆ ಕಪ್ಪಾಯಿತು. ನಾವು ಕಾದೆವು. ಸಾಬೂನಿನ ಜಾಹೀರಾತು ಬಂತು. ಕಥೆ ಮುಗಿದಿತ್ತು. ನನಗೆ ಬಂದ ಸಿಟ್ಟಿಗೆ ರಿಮೋಟ್ ಒಡೆಯದೆ ಬಿಟ್ಟದ್ದೇ ಹೆಚ್ಚು.

ಬಿಲ್ಡಿಂಗಿನ ತುಂಬ ಅದೇ ಮಾತು. ನೀರಿನ ಟ್ಯಾಂಕಿನ ವಿಷಯಕ್ಕೆಂದು ಮಾಡಿದ ವಾಟ್ಸಾಪ್ ಗುಂಪಿನಲ್ಲಿ ಶಾಪಗಳ ಸುರಿಮಳೆ. ಮುಷ್ಟಿಯಲ್ಲಿ ಕೀಲಿ ಇತ್ತು ಎಂದು ವಾಚ್‌ಮನ್, ಕಿವಿಯೋಲೆ ಎಂದು ಎರಡನೆಯ ಮಹಡಿಯ ಹುಡುಗಿ. ಒಬ್ಬ ನಿವೃತ್ತ ಟೀಚರು ಲಿಫ್ಟಿನಲ್ಲಿ ನನ್ನನ್ನು ತಡೆದು, ಏನೂ ಇರಲಿಲ್ಲ, ಅದೇ ಅದರ ಮಜಾ ಎಂದು ವಿವರಿಸಿದರು. ಗುಳಿಗೆ ಎಂದು ಒಬ್ಬರೂ ಅನ್ನಲಿಲ್ಲ. ಅದು ಇದ್ದದ್ದು ನಮ್ಮ ಮನೆಯೊಂದರಲ್ಲೇ. ಇಟ್ಟವಳು ನಾನು.

ಅತ್ತೆಗೆ ಯಾವ ಸಂಶಯವೂ ಇರಲಿಲ್ಲ. ಮರುದಿನ ಊರಿಗೆ ತಂಗಿಗೆ ಫೋನ್ ಹಚ್ಚಿ ಎಂದಿನಂತೆ ಒದರಿದರು. "ಗಂಡನ್ನ ವೈನೀನ ಕೊಂದಾಳಲೇ! ಗುಳಿಗಿ ಮುಷ್ಟ್ಯಾಗ ಹಿಡಕೊಂಡು ನೋಡಿಕೋತ ನಿಂತಿದ್ಲು. ಗಂಡ ಸತ್ತರ ಕಣ್ಣಾಗ ಒಂದ್ ಹನಿ ನೀರ ಬರಲಿಲ್ಲ ಆಕಿಗೆ!"

ನಾನು ಅಡುಗೆಮನೆಯಿಂದ ಬಂದೆ. ಬಾಗಿಲು ತೆರೆದಿತ್ತು, ಸೇಫ್ಟಿ ಡೋರ್ ಒಂದೇ ಹಾಕಿತ್ತು. ಅದರ ಜಾಲರಿಯ ಆಚೆ ವೈನಿ ನಿಂತಿದ್ದರು, ಕೈಯಲ್ಲಿ ಸಾಬುದಾಣೆ ಖಿಚಡಿಯ ಬಟ್ಟಲು. ನಾನು ಚಿಲಕ ತೆಗೆಯುವಷ್ಟರಲ್ಲಿ ಬಟ್ಟಲನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ತಮ್ಮ ಬಾಗಿಲು ಹಾಕಿಕೊಂಡರು.

ವೈನಿ ಮುನಿಸಿಕೊಂಡರೆ ಅತ್ತೆಯ ಗುಳಿಗೆ ಯಾರು ಕೊಡುವುದು? ಸೋಮವಾರ ಆಫೀಸಿಗೆ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ವಿಧವೆಯಾದ ಪಾಪದ ಹೆಂಗಸಿಗೆ ಇಂಥ ಮಾತು ಕೇಳಿಸಿದೆವಲ್ಲ ಎಂದು ನಾಚಿಕೆ. ಭಾನುವಾರ ಬಟ್ಟಲು ತೊಳೆದು, ಬರಿದೇ ಕೊಡಬಾರದೆಂದು ಶೇಂಗಾ ಚಟ್ನಿಪುಡಿ ತುಂಬಿ, ಎದುರು ಬಾಗಿಲು ತಟ್ಟಿದೆ.

ಒಳಗೆ ಪರದೆ ಎಳೆದಿತ್ತು. ಗೋಡೆಯ ಮೇಲೆ ಯಜಮಾನರ ಫೋಟೋ. "ವೈನಿ, ತಪ್ಪು ತಿಳೀಬೇಡಿ," ಎಂದು ಹಿಂದಿಯಲ್ಲಿ ಶುರು ಮಾಡಿ ಭಾಭಿ ವೈನಿಯಾದ ಕಥೆಯನ್ನೆಲ್ಲ ಹೇಳಿದೆ. ಅತ್ತೆ ಹೇಳಿದ್ದು ಸೀರಿಯಲ್ಲಿನವಳ ವಿಷಯ, ನಿಮ್ಮದಲ್ಲ ಎಂದೆ. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು.

"ಮುಷ್ಟಿಯಲ್ಲಿ ಗುಳಿಗೆ ಇತ್ತು ಅಂತ ನಿಮಗೆ ಯಾರು ಹೇಳಿದರು?" ಎಂದು ಕೇಳಿದರು.

ಸೀರಿಯಲ್ ನೋಡಿದ ಯಾರೇ ಆದರೂ ಕೇಳಬಹುದಾದ ಪ್ರಶ್ನೆಯೇ. ಆದರೆ ಅವರು ಕೇಳುವಾಗ ನನ್ನ ಮುಖ ನೋಡಲಿಲ್ಲ, ಫೋಟೋದ ಕಡೆ ನೋಡಿದರು. ಯಾರೂ ಹೇಳಲಿಲ್ಲ, ನಾನೇ ಊಹಿಸಿದೆ ಎಂದೆ. ಅವರು ತಲೆಯಾಡಿಸಿದರು. "ನಾಳೆ ಎಂಟಕ್ಕೆ ಬರುತ್ತೇನೆ, ಕೀಲಿ ಕೊಡಿ," ಅಂದರು.

ಆ ರಾತ್ರಿ ಗಂಡನಿಗೂ ಹೇಳಲಿಲ್ಲ. ಹೇಳುವುದಾದರೂ ಏನು? ಎದುರುಮನೆಯವರು ಒಂದು ಪ್ರಶ್ನೆ ಕೇಳಿದರು ಎಂದೇ?

ಸೋಮವಾರ ಎಂಟಕ್ಕೆ ಸೇಫ್ಟಿ ಡೋರ್ ತೆರೆದೆ, ವೈನಿ ಹೊಸ್ತಿಲ ಆಚೆ ನಿಂತು ಅಂಗೈ ಚಾಚಿದರು. ಕೀಲಿ ಕೊಟ್ಟೆ. ಡ್ರಾಪ್ಸ್ ಕೊಟ್ಟೆ. ಅತ್ತೆಯ ಗುಳಿಗೆಯ ಸ್ಟ್ರಿಪ್ ನನ್ನ ಬಲಗೈಯಲ್ಲಿತ್ತು. ಕೈ ಮುಂದೆ ಹೋಯಿತು, ಬೆರಳು ಬಿಚ್ಚಲಿಲ್ಲ. ಬಿಚ್ಚಬೇಕೆಂದು ನನಗೆ ಗೊತ್ತು, ಆದರೂ ಆಗಲಿಲ್ಲ. ಸ್ಟ್ರಿಪ್ಪಿನ ಅಂಚು ಅಂಗೈಗೆ ಒತ್ತುತ್ತಿತ್ತು. ವೈನಿ ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು. ಸಿಟ್ಟಿಲ್ಲ, ಬೇಸರವಿಲ್ಲ, ಪರಿಚಯದವರನ್ನು ಕಂಡಂತೆ ನೋಡಿದರು.

"ಹೀಗೇ ಆಗುತ್ತದೆ," ಎಂದು ಮರಾಠಿಯಲ್ಲಿ ಮೆಲ್ಲಗೆ ಅಂದರು. "ಬೇಕಂತ ಅಲ್ಲ."

ಒಳಗಿನಿಂದ ಅತ್ತೆ ಕೂಗಿದರು: "ಇನ್ನೂ ಅಲ್ಲೇ ನಿಂತೀಯೇನ? ಗಾಡಿ ತಪ್ಪತದ!"

ಬೆರಳು ಬಿಚ್ಚಿ ಕೊಟ್ಟೆ.

ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಇನ್ನೂ ಜಗಳವಾಡುತ್ತಿದ್ದರು. ಕೀಲಿ, ಚೀಟಿ, ವಿಷ. ಕಳ್ಳನನ್ನಮಕ್ಕಳು, ಹೇಳಿ ಸಾಯಬಾರದಿತ್ತಾ ಎಂದು ಒಬ್ಬಳು ಬೈದಳು. ಎಲ್ಲರೂ ನಕ್ಕರು. ನನ್ನ ಅಂಗೈಯಲ್ಲಿ ಸ್ಟ್ರಿಪ್ಪಿನ ಗೆರೆ ಪಾರ್ಲೆ ಸ್ಟೇಶನ್ ಬರುವವರೆಗೂ ಹೋಗಲಿಲ್ಲ.

ಎರಡು ಹೊಡೆದು ಹತ್ತು ನಿಮಿಷಕ್ಕೆ ನಾನೇ ಫೋನ್ ಮಾಡಿದೆ. ಅತ್ತೆ ಎತ್ತಿದ ಮೇಲೆ ಉಸಿರು ಬಂತು.

"ಗುಳಿಗಿ ತಗೊಂಡೆ. ವೈನಿ ಇಲ್ಲೇ ಕೂತಾಳ," ಅಂದರು. "ಸೀರಿಯಲ್ ಮೊದಲಿಂದ ಮತ್ತ ಹಚ್ಯಾರ. ಆಕೀನ ನನಗ ಹೇಳಲಿಕ್ಹತ್ಯಾಳ, ಮರಾಠ್ಯಾಗ. ನಿನಗಿಂತ ಛಲೋ ಹೇಳ್ತಾಳ." ದನಿ ಒಮ್ಮೆಲೇ ತಗ್ಗಿತು. ಅತ್ತೆಯ ದನಿ ತಗ್ಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಮುಷ್ಟ್ಯಾಗ ಏನಿತ್ತು ಅಂತ ಹೇಳಿದ್ಲು."

"ಏನಿತ್ತಂತ್ರಿ?"

ಅತ್ತೆ ಫೋನ್ ಇಟ್ಟುಬಿಟ್ಟರು.

ಸಂಜೆ ಮನೆಗೆ ಬಂದಾಗ ಟಿವಿ ಆರಿಸಿತ್ತು. ಸ್ಟ್ರಿಪ್ಪಿನಲ್ಲಿ ಒಂದೇ ಗುಳಿಗೆ ಕಡಿಮೆಯಾಗಿತ್ತು. ನಾನು ಮತ್ತೆ ಕೇಳಲಿಲ್ಲ. ಅತ್ತೆಯ ಕಣ್ಣೀಗ ಚೆನ್ನಾಗಿದೆ, ಈಚೆಗೆ ತಿರುಗಿ ಕೂತೇ ನೋಡುತ್ತಾರೆ. ವೈನಿ ದಿನಾ ಬರುತ್ತಾರೆ. ಮನೆಯ ಪಲ್ಯಕ್ಕೆ ಉಪ್ಪು ಹೆಚ್ಚಾದರೂ ತಂಗಿಗೆ ಫೋನ್ ಹಚ್ಚಿ ಒದರುವ ಅತ್ತೆ, ಇದೊಂದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.