ಪ್ಲಾಸ್ಟರಿನಲ್ಲಿ ಹೆಂಡತಿಯ ಮುಖ

ಕೈಕಾಲು ಮುರಿದವರಿಗೆ ಸುತ್ತುವ ಪ್ಲಾಸ್ಟರ್ ಬ್ಯಾಂಡೇಜು, ಏನೂ ಮುರಿಯದ ನಮ್ಮ ಮನೆಗೆ ಬಂದದ್ದು ಮೊಮ್ಮಗಳ ಶಾಲೆಯ ಆಜ್ಞೆಯಿಂದ. ಮನೆಯವರೊಬ್ಬರ ಮುಖದ ಮೇಲೆ ಅದರ ತುಂಡುಗಳನ್ನು ನೆನೆಸಿ ಹಚ್ಚಿ, ಗಟ್ಟಿಯಾದ ಮೇಲೆ ಬಿಡಿಸಿ, ಮುಖವಾಡ ಮಾಡಿ ತರಬೇಕಂತೆ. ಮೊದಲ ಕೋರಿಕೆ ನನಗೇ ಬಂತು. ನನ್ನ ಮೀಸೆ ತಮಿಳುನಾಡಿನ ನಮ್ಮೂರು ಹನುಮಂತನಪಟ್ಟಿಯ ಸ್ಥಿರಾಸ್ತಿಗಳಲ್ಲೊಂದೆಂದೂ ಅದನ್ನು ಕಲೆಗೆ ದತ್ತಿ ಬಿಡುವ ಅಧಿಕಾರ ನನಗಿಲ್ಲವೆಂದೂ ವಿಧಿವತ್ತಾಗಿ ತಿಳಿಸಿದೆ.

"ನನ್ ಮುಖಕ್ಕೆ ಮಾಡು," ಎಂದಳು ಒಳಗಿನಿಂದ ನನ್ನ ಹೆಂಡತಿ.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಅವಳ ಮುಖದ ಎಡಭಾಗ ಜೋತುಬಿದ್ದಿತ್ತು. ನರದ ತೊಂದರೆ, ತಾನಾಗಿ ಸರಿಹೋಗಬಹುದು ಎಂದರು ತೇನಿಯ ಡಾಕ್ಟರು. ಸರಿಹೋಗಲಿಲ್ಲ. ಬಾಯಿ ಒಂದು ಕಡೆ ಎಳೆದುಕೊಂಡೇ ಇತ್ತು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಅವಳು ಕನ್ನಡಿ ನೋಡುವುದನ್ನೇ ಬಿಟ್ಟಳು. ಕುಂಕುಮವನ್ನೂ ಅಂದಾಜಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹೊರಗಿನವರು ಬಂದರೆ ಸೆರಗು ಬಾಯಿಗೆ ಏರುತ್ತಿತ್ತು. ದಿನವೂ ನಾವು "ಇವತ್ತು ವಾಸಿ" ಎನ್ನುತ್ತಿದ್ದೆವು. ನಾನಂತೂ ಕನ್ನಡಕ ಏರಿಸಿ, ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಹೈಕೋರ್ಟಿನ ಗಾಂಭೀರ್ಯದಲ್ಲಿ ಅದೇ ಸುಳ್ಳು ತೀರ್ಪನ್ನು ಓದುತ್ತಿದ್ದೆ. ಈಗ ಮುಖವಾಡ ನಿಜ ಹೇಳಿಬಿಟ್ಟರೆ?

ತಡೆಯಲು ಕಾರಣ ಹುಡುಕುವಷ್ಟರಲ್ಲಿ ಅವಳು ಚಾಪೆಯ ಮೇಲೆ ಮಲಗಿಯಾಗಿತ್ತು. ಮೊಮ್ಮಗಳು ಮುಖಕ್ಕೆ ವ್ಯಾಸಲೀನ್ ಬಳಿದಳು, ಹುಬ್ಬಿಗೆ ಇನ್ನಷ್ಟು. ಎಡಗಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟು ಟೇಪು ಅಂಟಿಸಿದಳು. ತುಂಡುಗಳನ್ನು ನೀರಿಗೆ ಅದ್ದಿ, ಹಿಂಡಿ, ಮೂಗಿನ ಹೊಳ್ಳೆ ಬಿಟ್ಟು, ಹಣೆಯಿಂದ ಕೆಳಕ್ಕೆ ಹಚ್ಚುತ್ತ ಬಂದಳು.

"ಅಸೈಯಾದೀಂಗ ಅವ್ವಾ," ಎಂದಳು. ಅಲುಗಬೇಡ ಎನ್ನಲು ಅವಳ ಬಾಯಿಗೆ ತಮಿಳೇ ಬರುತ್ತದೆ. ಅಜ್ಜಿಯ ಕನ್ನಡ ಅವಳ ಕಿವಿಗೆ ಮಾತ್ರ.

ಆ ಹೊತ್ತಿಗೇ ತೇವಾರದಿಂದ ನನ್ನ ಅಕ್ಕ ಬರಬೇಕೆ! ಮುರಿದ ಮೂಳೆಗೆ ಕಟ್ಟುವ ಪ್ಲಾಸ್ಟರಿಗೆ ನಮ್ಮ ಕಡೆ ಮಾವುಕಟ್ಟು ಎನ್ನುತ್ತಾರೆ. ಬಾಗಿಲಲ್ಲೇ ಎದೆ ಹಿಡಿದುಕೊಂಡಳು.

"ಅಯ್ಯೋ ಸಾಮೀ, ಮುಖಕ್ಕೇ ಮಾವುಕಟ್ಟಾ? ಬುದ್ಧಿಗಿದ್ಧಿ ಐತೇನ್ಲಾ ನಿಂಗೆ?"

ಬಿಡಿಸಿದ ಬಿಳಿ ಮುಖವನ್ನು ಕಂಡಾಗ ಅವಳ ಭಯ ಭಕ್ತಿಗೆ ತಿರುಗಿತು. ನಮ್ಮ ಕಡೆ ಕಾಲು ನೋವಾದರೆ ಮಣ್ಣಿನ ಕಾಲು, ಕಣ್ಣಿಗಾದರೆ ಮಣ್ಣಿನ ಕಣ್ಣು ಕುಂಬಾರರಿಂದ ತಂದು ಮಾರಿಯಮ್ಮನಿಗೆ ಒಪ್ಪಿಸುವುದುಂಟು.

"ಸ್ಕೂಲ್‌ದು ಮುಗುದ್ಮೇಲೆ ಇದ್ನ ಅಮ್ಮನ ಕೋವಿಲ್‌ಗೆ ಕೊಟ್ಬುಡಿ. ಆದ್ರೆ ಬಾಯ್ನ ನೆಟ್ಟಗೆ ಮಾಡು ಕಂದಾ. ಸೊಟ್ಟ ಬಾಯಿ ಕೊಟ್ರೆ, ಇವ್ಳು ಕೇಳಾದು ಇದ್ನೇ ಅಂತ ಅಮ್ಮ ಇದ್ನೇ ಖಾಯಂ ಮಾಡ್ಬುಟ್ಟಾಳು!"

ದೇವಿಯ ಕಚೇರಿಯಲ್ಲಿ ಅರ್ಜಿಗಳು ಹೀಗೆ ವಿಲೇವಾರಿಯಾಗುತ್ತವೆಂದು ನನಗೆ ಗೊತ್ತಿರಲಿಲ್ಲ. ಆದರೂ ಅಕ್ಕನ ಮಾತನ್ನು ತಕ್ಷಣ ಅನುಮೋದಿಸಿದೆ. ಹೆಂಡತಿ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು. ಅವಳು ಬರುವಷ್ಟರಲ್ಲಿ ಆ ಬಾಯಿ ನೆಟ್ಟಗಾಗಬೇಕಿತ್ತು. ಮೊಮ್ಮಗಳು ಒದ್ದೆ ತುಂಡೊಂದನ್ನು ಮಡಚಿ ಜೋತ ತುಟಿಯ ತುದಿಗೆ ಒತ್ತಿದಳು. ಸಾಲಲಿಲ್ಲ. ಇನ್ನೊಂದು ಒತ್ತಿದಳು.

"ಎರಡು ಹಾಕ್ಬೇಕಾಯ್ತಾ?"

ಹೆಂಡತಿ ಟವೆಲ್ ಹಿಡಿದು ಹಿಂದೆಯೇ ನಿಂತಿದ್ದಳು. ಮುಖವಾಡವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಆ ತುಂಡುಗಳನ್ನು ಕಿತ್ತಳು. ಕೆಳಗೆ ಅವಳ ಬಾಯಿ ಇತ್ತು. ತುಂಬ ಹೊತ್ತು ನೋಡಿದಳು.

"ಇಷ್ಟು ಸೊಟ್ಟನಾ?" ಎಂದು ನನ್ನನ್ನು ಕೇಳಿದಳು. "ವಾಸಿ, ವಾಸಿ ಅಂತಿದ್ರಲ್ಲ."

"ಹೂಂ," ಎಂದೆ. ಕನ್ನಡಕ ತೆಗೆದು ಜೇಬಿಗಿಟ್ಟೆ.

ಕಿತ್ತ ರಭಸಕ್ಕೆ ತುಟಿಯ ಅಂಚಿನ ಪ್ಲಾಸ್ಟರೂ ಒಂದಿಷ್ಟು ಹರಿದು ಬಂದಿತ್ತು. ಮೊಮ್ಮಗಳ ಕಣ್ಣು ತುಂಬಿತು.

"ಅಳ್ಬೇಡ. ಇನ್ನೊಂದು ಮಾಡು. ಬಾಯಿ ಹೆಂಗೈತೋ ಹಂಗೇ ಇರ್ಲಿ," ಎಂದಳು ಅಜ್ಜಿ. ಆಮೇಲೆ ಅಕ್ಕನತ್ತ ತಿರುಗಿ, "ಅಮ್ಮಂಗೂ ಸುಳ್ಳು ಹೇಳ್ಬೇಕಾ ಅತ್ಗೆ?"

ಅಕ್ಕ ನೀರಿನ ಬಟ್ಟಲನ್ನು ಮೊಮ್ಮಗಳತ್ತ ಸರಿಸಿದಳು. ಹೆಂಡತಿ ಎಲ್ಲರೆದುರು ಸೆರಗು ಎಳೆದುಕೊಳ್ಳದೆ ಮತ್ತೆ ಮಲಗಿದಳು.

"ಹತ್ತಿ ಒತ್ತುತ್ತೆ. ನೀವೇ ಬಂದು ರೆಪ್ಪೆ ಹಿಡ್ಕೊಳ್ಳಿ."

ಪಕ್ಕದಲ್ಲಿ ಕುಳಿತು, ಮುಚ್ಚದ ಆ ರೆಪ್ಪೆಯನ್ನು ಬೆರಳಿನಿಂದ ಕೆಳಕ್ಕೆ ಸರಿಸಿ ಹಿಡಿದೆ. ನನ್ನ ಬೆರಳಿನ ಸುತ್ತ ಪ್ಲಾಸ್ಟರ್ ಬೆಚ್ಚಗಾಗಿ ಬಿಗಿಯುತ್ತ ಬಂತು. ಒಮ್ಮೆ ರೆಪ್ಪೆ ಅದುರಿದಂತಾಯಿತು. ನನ್ನ ಬೆರಳೇ ನಡುಗಿತೋ ಏನೋ. ಈ ಸಲ "ವಾಸಿ" ಎನ್ನಲಿಲ್ಲ.