ಸತ್ತವರ ಕೈಯಿಂದ ಬಿಚ್ಚಿದ ವಾಚು

ಸತ್ತ ಮನುಷ್ಯನ ಕೈಯಿಂದ ವಾಚು ಬಿಚ್ಚಿದವರು ಸರ್ಕಾರದ ಸಂಬಳ ತಿನ್ನುವವರು. ಬಿಚ್ಚಿದ ಮೇಲೆ, ಮೈಮೇಲಿನ ವಸ್ತುಗಳ ಪಟ್ಟಿಯಲ್ಲಿ ‘ಯಾವುದೂ ಇಲ್ಲ’ ಎಂದು ಬರೆದವರೂ ಅವರೇ. ಆ ಬರಹದ ಕೆಳಗೆ ಸತ್ತವರ ತಮ್ಮನ ಸಹಿ ಬರುವಂತೆ ಮಾಡಿ, ಕಳ್ಳನೆಂಬ ಹೆಸರನ್ನು ಅವನ ತಲೆಗೆ ಕಟ್ಟಿದವರೂ ಅವರೇ. ಆ ಆಸ್ಪತ್ರೆ ಯಾವ ಊರಿನದೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಕೆಳಗಿನ ಒಬ್ಬ ಕೆಲಸಗಾರನನ್ನು ಮನೆಗೆ ಕಳಿಸಿ ಉಳಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ಉತ್ತರ ಕೊಡಬೇಕಾದವರಿಗೆ ಇದು ತಮ್ಮದೇ ಮಾತೆಂದು ಗೊತ್ತಾಗುತ್ತದೆ. ಇದರಲ್ಲಿ ನನ್ನ ಪಾಲನ್ನೂ ಮುಚ್ಚಿಡಲಾರೆ. ಆ ವಾಚನ್ನು ಕೊಂಡವಳು ನಾನು.

ಎಂ.ಎ. ಮುಗಿಸಿ ಯಳಂದೂರಿಗೆ ಮರಳಿದ ಮೇಲೆ ನನಗೆ ಕೀ ಕೊಡುವ ಹಳೆಯ ವಾಚಿನ ಹುಚ್ಚು ಹಿಡಿಯಿತು. ಬ್ಯಾಟರಿಯಿಲ್ಲದೆ, ದಿನಕ್ಕೊಮ್ಮೆ ಬೆರಳಿನಿಂದ ತಿರುಗಿಸಿದರೆ ನಡೆಯುವ ಯಂತ್ರ. ಅದನ್ನು ತಯಾರಿಸಿದ ಕಾರ್ಖಾನೆಯೇ ಈಗಿಲ್ಲ. ಹಳೆಯ ಸಾಮಾನು ಮಾರುವ ಆ್ಯಪೊಂದರಲ್ಲಿ ಒಂದು ಚಿತ್ರ ಕಂಡಿತು. ಬಿಳಿ ಡಯಲ್, ಸಣಕಲು ಮುಳ್ಳುಗಳು, ಒಂಬತ್ತರ ಅಂಕಿಯ ಬಳಿ ಕೂದಲೆಳೆಯಷ್ಟು ಬಿರುಕು. ಮಾರುವವನು ಕೊಳ್ಳೇಗಾಲಕ್ಕೆ ಬರಲು ಒಪ್ಪಲಿಲ್ಲ. ಹನೂರು ಬಸ್ ನಿಲ್ದಾಣದ ಎದುರು ಬರಲು ಹೇಳಿದ.

ಮೂವತ್ತರ ಆಸುಪಾಸಿನ ಗಂಡಸು. ಬೈಕ್ ಮೇಲೆಯೇ ಕೂತಿದ್ದ. ಹೆಲ್ಮೆಟ್ ತೆಗೆಯಲಿಲ್ಲ, ಗಾಜು ಮಾತ್ರ ಮೇಲೆತ್ತಿದ್ದ.

“ನಮ್ ತಾತಂದು ಮೇಡಂ. ಬೆಲ್ಟ್ ಮಾತ್ರ ವಸದು ಆಕ್ಸಿವ್ನಿ.”

“ಹಳೆಯ ಬೆಲ್ಟ್ ಇಲ್ಲವೇ?” ಎಂದೆ.

“ಅದ್ಯಾಕೆ ನಿಮ್ಗೆ? ಕಿತ್ತೋಗಿತ್ತು, ಎಸ್ದೆ.” ಆಮೇಲೆ ಫೋನ್ ಎತ್ತಿದ. “ವಾಚ್ ಇಡ್ಕಳಿ, ಒಂದ್ ಫೋಟೋ ತಕತೀನಿ. ನಾಳೆ ನೀವು ತಕಂಡೇ ಇಲ್ಲ ಅಂದ್ಬುಟ್ರೆ?”

ನಾನು ನಕ್ಕು ಫೋಟೋಗೆ ನಿಂತೆ. ಬೈಕ್ ಶುರು ಮಾಡುವ ಮುನ್ನ ಅವನು ಹೇಳಿದ್ದು ಇನ್ನೊಂದು ಮಾತು: “ಬೇರೆ ಬೇಕಾದ್ರೂ ಏಳಿ ಮೇಡಂ. ತಿಂಗ್ಳಿಗೆ ಒಂದಾದ್ರೂ ಬತ್ತದೆ ನಮ್ ತಾವ.”

ಒಬ್ಬ ಮನುಷ್ಯನಿಗೆ ಎಷ್ಟು ಜನ ತಾತಂದಿರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಪ್ರಶ್ನೆ ಕೇಳುವುದನ್ನೇ ಕಲಿತವಳು, ಬೇಕಾದ ವಸ್ತು ಕೈಗೆ ಬಂದೊಡನೆ ಬಾಯಿ ಮುಚ್ಚಿಕೊಂಡೆ. ಈ ಬರಹದಲ್ಲಿ ಮೊದಲ ತಪ್ಪೊಪ್ಪಿಗೆ ನನ್ನದೇ.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ವಾಚ್ ರಿಪೇರಿ ಮಾಡುವ ಒಬ್ಬ ವೃದ್ಧರ ಬಳಿ ಹೋದೆ. ಗಾಜಿನ ಪೆಟ್ಟಿಗೆಯಷ್ಟೇ ಅಗಲದ ಅಂಗಡಿ.

“ಇಷ್ಟ್ ಓದಿರೋ ಮಗ, ಫೋನ್ ನೋಡ್ಕಂಡ್ರೆ ಟೈಮ್ ಗೊತ್ತಾಗಕಿಲ್ವಾ?” ಎಂದು ಛೇಡಿಸಿದರು.

“ಫೋನಿಗೆ ಕೀ ಕೊಡಕ್ಕಾಗಲ್ಲ ತಾತ.”

“ನಂಗೂ ಯಾರೂ ಕೀ ಕೊಡ್ತಿಲ್ಲ ಕಣವ್ವ, ಅದ್ಕೇ ನಿಂತೋಗಿವ್ನಿ” ಎಂದು ನಗುತ್ತಲೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆರೆದರು. ನಗು ಅಲ್ಲಿಗೇ ನಿಂತಿತು.

ವಾಚು ತೆರೆದಾಗಲೆಲ್ಲ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ವಾಚಿನವರ ಊರಿನ ಮೊದಲ ಅಕ್ಷರವನ್ನೂ ಗೀಚುವುದು ಅವರ ಪದ್ಧತಿ. ಅಲ್ಲಿ ಒಂದರ ಕೆಳಗೊಂದು ನಾಲ್ಕು ಸಲ ‘ಲೊ’ ಎಂದಿತ್ತು. ಒಳಗಿನ ತಿರುಪುಗಳಲ್ಲಿ ಒಂದು ಹಿತ್ತಾಳೆಯದು. ಬೇರೊಂದು ವಾಚಿನಿಂದ ತೆಗೆದು ಅವರೇ ಕೂರಿಸಿದ್ದು.

“ಇದ ಎಲ್ ತಕಂಡೆ ಮಗ?” ಅವರ ದನಿ ತಗ್ಗಿತ್ತು. “ಇದು ಲೊಕ್ಕನಳ್ಳಿಯೋರ್ದು. ಅವ್ರು ಓದ್ ವರ್ಸ ತೀರ್ಕಂಡ್ರು. ಕಬ್ಬಿನ್ ಟ್ರಾಕ್ಟರ್ಗೆ ಇಂದ್ಲಿಂದ ಗುದ್ಬುಟ್ರು, ಅದ್ಕೆ ಲೈಟೇ ಇರ್ನಿಲ್ಲ. ಈ ವಾಚ್ಗೋಸ್ಕರ ಅವ್ರ ತಮ್ಮನ್ನ ಕಳ್ಳ ಅಂತ ಮನೆಯಿಂದ ದೂರ ಮಡುಗವ್ರೆ.”

ಅಂಗಡಿಯ ಮುಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ನನಗೆ ಕೇಳುತ್ತಿದ್ದುದು ತೆರೆದ ವಾಚಿನ ಟಿಕ್ ಟಿಕ್ ಮಾತ್ರ. ಬೆಲ್ಟ್ ಸಿಕ್ಕಿಸುವ ಸಂದಿಯಲ್ಲಿ ಕಂದು ಬಣ್ಣದ ಕಲೆಯೊಂದಿತ್ತು. ಹನೂರಿನಲ್ಲಿ ಅದನ್ನು ತುಕ್ಕೆಂದುಕೊಂಡಿದ್ದೆ.

ಮಾರಿದವನಿಗೆ ಕರೆ ಮಾಡಿದೆ, ಫೋನ್ ಬಂದ್. ಮಧ್ಯಾಹ್ನ ಮನೆಗೆ ಬಂದು ವಾಚನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಸಂಜೆ ಗುರುತಿಲ್ಲದ ನಂಬರಿನಿಂದ ಅದೇ ದನಿ ಬಂತು.

“ರಿಪೇರಿ ಅಂಗ್ಡೀಗ್ ಓಗಿದ್ರಂತೆ? ಸುಮ್ಕೆ ಕಟ್ಕಂಡು ಓಡಾಡ್ಬಾರ್ದಾ ಮೇಡಂ? ಕದ್ದಿರೋ ಮಾಲು ತಕಂಡೋರ್ನೂ ಇಡೀತಾರೆ. ನಿಮ್ ಫೋಟೋ ನನ್ ತಾವ ಅದೆ, ದುಡ್ ಬಂದಿರೋದು ನಿಮ್ ಎಸ್ರಿಂದ. ನಂದು ಏನದೆ ನಿಮ್ ತಾವ?”

ನಿಜವಾಗಿಯೂ ನನ್ನ ಬಳಿ ಏನೂ ಇರಲಿಲ್ಲ. ದುಡ್ಡು ಹೋಗಿದ್ದು ಯಾವುದೋ ಹೆಂಗಸಿನ ಖಾತೆಗೆ, ಮುಖ ಹೆಲ್ಮೆಟ್ಟಿನೊಳಗಿತ್ತು. ನಾನು ಅಂಗಡಿಗೆ ಹೋದದ್ದು ಅವನಿಗೆ ಹೇಗೆ ತಿಳಿಯಿತು? ಅಂದಿನಿಂದ ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದ ಗೇಟಿನ ಬಳಿ, ಸಂತೆಯ ದಾರಿಯಲ್ಲಿ ಹೆಲ್ಮೆಟ್ ಹಾಕಿದ ಪ್ರತಿಯೊಬ್ಬನೂ ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸತೊಡಗಿತು. ಅಕ್ಕಿ ತೆಗೆಯಲು ಅಮ್ಮ ಡಬ್ಬದ ಬಳಿ ಹೋದಾಗಲೆಲ್ಲ ನಾನೇ ಓಡಿಹೋಗಿ ಸೇರು ಕಿತ್ತುಕೊಳ್ಳುತ್ತಿದ್ದೆ. ಕೀ ಮುಗಿದು ವಾಚು ನಿಂತಿತು. ನಿಂತದ್ದು ಇನ್ನೂ ಹೆಚ್ಚು ಹೆದರಿಸಿತು. ಅದನ್ನು ಕಾಲುವೆಗೆ ಎಸೆದುಬಿಡುವ ಯೋಚನೆ ಎರಡು ಸಲ ಬಂತು. ಎಸೆದರೆ ನಾನು ಉಳಿಯುತ್ತಿದ್ದೆ; ಆ ತಮ್ಮ ಸಾಯುವವರೆಗೂ ಕಳ್ಳನಾಗಿಯೇ ಉಳಿಯುತ್ತಿದ್ದ.

ನಾಲ್ಕನೆಯ ದಿನ ವೃದ್ಧರು ಅಂಗಡಿ ಮುಚ್ಚಿ ನನ್ನ ಜೊತೆ ಒಡೆಯರಪಾಳ್ಯದ ಬಸ್ ಹತ್ತಿದರು. ಲೊಕ್ಕನಹಳ್ಳಿಯಲ್ಲಿಳಿದು ನಡೆದೆವು. ಒಂದೇ ಅಂಗಳ, ಎರಡು ಬಾಗಿಲು. ಅಂಗಳದ ನಡುವೆ ಎಳೆದಿದ್ದ ಮುಳ್ಳುಬೇಲಿ ಇನ್ನೂ ಹೊಸದಾಗಿತ್ತು. ಈಚೆ ಸತ್ತವರ ಹೆಂಡತಿ, ಆಚೆ ತಮ್ಮ.

ಆಕೆ ವಾಚನ್ನು ಅಂಗೈಯಲ್ಲಿಟ್ಟುಕೊಂಡು ಒಂಬತ್ತರ ಬಳಿಯ ಬಿರುಕನ್ನು ಉಗುರಿನಿಂದ ಸವರಿದರು. ಬಳಿಕ ತಾವೇ ಕೀ ಕೊಟ್ಟು ಕಿವಿಗಿಟ್ಟುಕೊಂಡರು.

“ಆಸ್ಪತ್ರೇಲಿ ಎಣದ್ ರೂಮ್ ಒಳಕ್ ತಳ್ಕಂಡೋಗೋವಾಗ ಕೈ ಜೋತಾಡ್ತಿತ್ತು ಕಣವ್ವ. ನಾನೇ ಎತ್ತಿ ಎದೆ ಮ್ಯಾಲ್ ಮಡುಗ್ದೆ. ಆಗ್ಲೂ ನಡೀತಿತ್ತು ಇದು. ಮಾರ್ನೇ ದಿನ ಕೇಳುದ್ರೆ, ಮೊದ್ಲು ಮೈ ಮುಟ್ದೋರ್ನ ಕೇಳೋಗಿ ಅಂದ್ರು.”

ಮೊದಲು ಮೈ ಮುಟ್ಟಿದವನು ತಮ್ಮ. ಸತ್ತ ಗಂಡಸಿನ ಸೊಂಟದ ಉಡಿದಾರ ಹರಿಯಬೇಕಾದವನು ಮನೆಯವನೇ ಎಂಬುದು ಅವರ ಪದ್ಧತಿ. ಮರುದಿನ, ಹೆಣ ಕೊಡುವ ಮುನ್ನ, ಶವಾಗಾರದೊಳಗೆ ಒಬ್ಬನೇ ಹೋಗಿ ಆ ಕೆಲಸ ಮಾಡಿದ್ದ. ಉಡಿದಾರಕ್ಕೆ ಹೋದ ಕೈ ವಾಚಿಗೂ ಹೋಯಿತೆಂದು ಮನೆಯವರು ನಂಬಿದರು. ನಂಬಲಿ ಎಂದೇ ಆಸ್ಪತ್ರೆಯವರು ಆ ಮಾತು ಆಡಿದ್ದರು.

ಬೇಲಿಯಾಚೆಯಿಂದ ಅವನು ಹೇಳಿದ: “ಉಡ್ದಾರ ಅರ್ದಿದ್ದು ನಾನೇ ಅತ್ಗೆ. ಕೈ ಆಗ್ಲೇ ಬರ್ದಾಗಿತ್ತು. ಅವತ್ತೂ ಏಳ್ದೆ, ನೀವ್ ಮಕ ತಿರುಗ್ಸಿದ್ರಿ.”

“ನಿನ್ ಸಯಿನ್ ಇತ್ತಲ್ಲಪ್ಪ ಕಾಗ್ದದಲ್ಲಿ.”

“ಬರೀ ಆಳೆಗ್ ಆಕುಸ್ಕಂಡ್ರು. ಆಕ್ದೆ ಓದ್ರೆ ಎಣ ಕೊಡಾಕಿಲ್ಲ ಅಂದ್ರು.”

ಆಕೆ ಆ ಕಾಗದದ ನಕಲು ತಂದು ನನ್ನ ಕೈಗಿತ್ತರು. ಮೃತರ ಮೈಮೇಲಿದ್ದ ವಸ್ತುಗಳು: ಯಾವುದೂ ಇಲ್ಲ. ಅಕ್ಷರ ದುಂಡಗಿತ್ತು, ಬರೆದ ಕೈ ಅವಸರಪಟ್ಟಿರಲಿಲ್ಲ. ಆ ಕೈ ಇನ್ನೆಷ್ಟು ಕಾಗದಗಳ ಮೇಲೆ ಇದೇ ಎರಡು ಪದ ಬರೆದಿರಬಹುದು? ತಿಂಗಳಿಗೆ ಒಂದಾದರೂ ಬರುತ್ತದೆ ಎಂದಿದ್ದನಲ್ಲ, ವಾಚು ಮಾರಿದವನು.

“ಓದ್ ಮಾರ್ನಮಿ ಅಮಾಸೇಲಿ ಅವ್ರ ಎಡೇಗೆ ಪಂಚೆ ಮಡುಗ್ದೊ, ಬೀಡಿ ಮಡುಗ್ದೊ. ವಾಚಿನ್ ಜಾಗ ಕಾಲಿ ಬುಟ್ಟೆ. ಇವನ್ನ ಕರೀನಿಲ್ಲ, ಒಡುಟ್ಟಿದ ತಮ್ಮನ್ನ” ಎಂದು ಆಕೆ ಬೇಲಿಯತ್ತ ನಡೆದರು. “ಈಗ್ ಬಾರಪ್ಪ.”

ಅವನು ಅಲುಗಲಿಲ್ಲ. “ನೀವ್ ಕರುದ್ರೆ ಬತ್ತೀನತ್ಗೆ. ಊರ್ಗೆ ಏಳೋರ್ ಯಾರು? ಆ ಕಾಗ್ದ ಬರ್ದೋರೆ ತಪ್ಪಾಯ್ತು ಅಂತ ಬರ್ಕೊಡ್ಲಿ. ಅಲ್ಲೀಗಂಟ ಬೇಲಿ ಇರ್ಲಿ.”

ಆಕೆ ವಾಚನ್ನು ನನಗೇ ಹಿಂದಿರುಗಿಸಿದರು. “ಸಾಕ್ಸಿ ಬೇಕಾಯ್ತದೆ, ಮಡಿಕ. ಎಡೆ ಒತ್ಗೆ ತಂದ್ಬುಡು.”

ಅಲ್ಲಿಂದ ನಾನು ಒಂದು ಠಾಣೆಗೆ ಹೋದೆ. ವಾಚು ಬಿಟ್ಟು ಹೋಗು ಎಂದರು. ಸ್ವೀಕೃತಿ ಕೇಳಿದ್ದಕ್ಕೆ, “ಮೊದ್ಲು ನಿನ್ ಕೈಗೆ ಯಂಗ್ ಬಂತು ಅದ ಏಳಮ್ಮ” ಎಂದರು. ಹೇಳಿದೆ. ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದವರ ಮೇಜಿನ ಮೇಲೆ ಆ ವಾಚು ಬಿಟ್ಟುಬರಲು ನನಗೆ ಧೈರ್ಯವಾಗಲಿಲ್ಲ. ಹೊರಬಂದಾಗ ಫೋನಿಗೆ ಒಂದು ಚಿತ್ರ ಬಂದಿತ್ತು: ವಾಚು ಹಿಡಿದು ನಗುತ್ತಿರುವ ನಾನು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ.

ಈಗ ದಿನವೂ ಬೆಳಿಗ್ಗೆ ನಾನು ಅದಕ್ಕೆ ಕೀ ಕೊಡುತ್ತೇನೆ. ಕೈಗೆ ಕಟ್ಟಿಕೊಳ್ಳುವುದಿಲ್ಲ. ಗೇಟಿನ ಬಳಿ ಬೈಕ್ ನಿಂತ ಸದ್ದಾದರೆ ಇವತ್ತಿಗೂ ಎದ್ದು ಹೋಗಿ ಬಾಗಿಲಿನ ಚಿಲಕ ನೋಡುತ್ತೇನೆ. ಆದರೆ ಆ ಚಿತ್ರ ಯಾರ ಕೈಯಲ್ಲಿದ್ದರೂ ಅದರ ಕಥೆಯನ್ನು ನಾನೇ ಮೊದಲು ಹೇಳಿರಬೇಕೆಂದು ಇದನ್ನು ಬರೆದಿದ್ದೇನೆ.

ಆದ್ದರಿಂದ ಸಂಬಂಧಪಟ್ಟ ಆಸ್ಪತ್ರೆಯ ಆಡಳಿತವನ್ನೂ ಅದರ ಮೇಲಧಿಕಾರಿಗಳನ್ನೂ ವಿನಂತಿಸುವುದೇನೆಂದರೆ: ಹೆಂಡತಿಯ ಕಣ್ಣೆದುರು ವಾಚು ಕಟ್ಟಿಕೊಂಡೇ ಬಾಗಿಲು ದಾಟಿದ ಕೈ, ಮರುದಿನ ಬರಿದಾದದ್ದು ಹೇಗೆಂದು ಲಿಖಿತವಾಗಿ ತಿಳಿಸಬೇಕು. ‘ಯಾವುದೂ ಇಲ್ಲ’ ಎಂದು ಬರೆದ ಪ್ರತಿಯೊಂದು ಪಟ್ಟಿಯನ್ನೂ ಆಯಾ ಮನೆಯವರ ಮುಂದಿಟ್ಟು ತನಿಖೆ ಮಾಡಿಸಬೇಕು. ನನ್ನ ವಿಚಾರಣೆಯೂ ನಡೆಯಲಿ. ವಾಚಿನೊಡನೆ ಹಾಜರಾಗುತ್ತೇನೆ, ಸ್ವೀಕೃತಿ ಪಡೆದೇ ಒಪ್ಪಿಸುತ್ತೇನೆ. ಎಲ್ಲಕ್ಕಿಂತ ಮೊದಲು, ಖಾಲಿ ಹಾಳೆಗೆ ಸಹಿ ಮಾಡಿದ ಆ ತಮ್ಮ ಕಳ್ಳನಲ್ಲವೆಂದು ಮೊಹರು ಹಾಕಿದ ಪತ್ರವೊಂದನ್ನು ಅವನ ಕೈಗೆ ಕೊಡಬೇಕು. ಮಹಾಲಯ ಅಮಾವಾಸ್ಯೆಗೆ ಮುನ್ನ ಆ ಪತ್ರ ಲೊಕ್ಕನಹಳ್ಳಿ ತಲುಪಬೇಕೆಂದು, ಅಂದು ಅವನು ಅಣ್ಣನ ಎಡೆಯ ಮುಂದೆ ನಿಲ್ಲುವಂತಾಗಬೇಕೆಂದು ಕೋರುತ್ತೇನೆ.